ಕುಡಿಯುವುದಕ್ಕೆ ಒಂದು ಗಂಟೆ ಮುಂಚೆ

ಮೂವತ್ತೊಂದು ವರ್ಷದಿಂದ ನಾನು ದಿನಕ್ಕೆ ಎಂಟು ಗಂಟೆ ಕಾರಿನಲ್ಲಿ ಕೂತಿದ್ದೇನೆ. ಅದರಲ್ಲಿ ಸ್ಟಿಯರಿಂಗ್ ಹಿಡಿದದ್ದು ಬಹಳ ಕಡಿಮೆ. ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಬದುಕೇ ಹಾಗೆ. ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿ, ನಮ್ಮ ಪ್ರಾಣವೂ ಅವರ ಕೈಯಲ್ಲಿ. ನಮ್ಮ ಪಾಲಿಗೆ ಉಳಿಯುವುದು ಎರಡು ಪೆಡಲ್ಲು: ಒಂದು ಕ್ಲಚ್ಚು, ಒಂದು ಬ್ರೇಕು. ಕಲಿಯುವವರ ಕಾಲ ಕೆಳಗೂ ಒಂದು ಬ್ರೇಕಿರುತ್ತದೆ. ಬೇಡದಾಗ ಅದನ್ನು ಒತ್ತುತ್ತಾರೆ, ಬೇಕಾದಾಗ ಮರೆಯುತ್ತಾರೆ. ಅದಕ್ಕೇ ನಮ್ಮ ಕಡೆ ಎರಡನೆಯದನ್ನು ಇಟ್ಟಿರುವುದು. ಅದರ ಮೇಲೆ ಕಾಲಿಟ್ಟುಕೊಂಡೇ ನಾನು ನಾಲ್ಕು ಸಾವಿರ ಜನಕ್ಕೆ ಲೈಸೆನ್ಸ್ ಕೊಡಿಸಿದ್ದೇನೆ. ಅವರಲ್ಲಿ ಅರ್ಧ ಜನ ಈಗ ನನ್ನ ಕಣ್ಣೆದುರೇ ಇಂಡಿಕೇಟರ್ ಹಾಕದೆ ತಿರುಗುತ್ತಾರೆ.

ನಾನು ಕುಡಿಯುತ್ತಿದ್ದೆ. ಆದರೆ ಕುಡಿದು ಕಾರು ಓಡಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕುಡಿಯುವವರೆಲ್ಲ ಮೊದಲು ಹೇಳುವುದು ತಾವು ಏನೇನು ಮಾಡಿಲ್ಲ ಎನ್ನುವುದನ್ನೇ. ಸಂಜೆ ಏಳಕ್ಕೆ ಕೊನೆಯ ಪಾಠ ಮುಗಿಸಿ, ಕಾರಿಗೆ ಕವರ್ ಹೊದಿಸಿ, ಕೈಕಾಲು ತೊಳೆದು ಆಮೇಲೆ ಕೂರುತ್ತಿದ್ದೆ. ಪಕ್ಕದ ಪಂಕ್ಚರ್ ಅಂಗಡಿಯವನು ಜೊತೆಗೆ ಬರುತ್ತಿದ್ದ. ಅವನಿಗೆ ಬೀದಿಯವರೆಲ್ಲ 'ಗಾಳಿ' ಎನ್ನುತ್ತಾರೆ. ಟೈರಿಗೂ ಅದನ್ನೇ ತುಂಬುತ್ತಾನೆ, ಮಾತಿಗೂ ಅದನ್ನೇ ತುಂಬುತ್ತಾನೆ. ಮೊದಮೊದಲು ಕಾಲು ಬಾಟಲಿ ನಮ್ಮಿಬ್ಬರಿಗೂ ಸಾಕಾಗುತ್ತಿತ್ತು. ಆಮೇಲೆ ಅರ್ಧ ಬೇಕಾಯಿತು. ಕೊನೆಕೊನೆಗೆ ಗಾಳಿ ಒಂದು ಗ್ಲಾಸು ಮುಗಿಸಿ ಮನೆಗೆ ಹೋದಮೇಲೂ ನಾನು ಕೂತೇ ಇರುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಸ್ನಾನ ಮುಗಿಸಿ ಕಾರಿನ ಹತ್ತಿರ ನಿಂತಿರುತ್ತಿದ್ದೆ, ಒಂದು ನಿಮಿಷ ಆಚೀಚೆ ಇಲ್ಲ. ಹೊತ್ತಿಗೆ ಸರಿಯಾಗಿ ಬರುವವನು ಕುಡುಕನಲ್ಲ ಎನ್ನುವುದು ನನ್ನ ಸಿದ್ಧಾಂತವಾಗಿತ್ತು.

ಸಿದ್ಧಾಂತ ಮುರಿದದ್ದು ಒಂದು ಮಂಗಳವಾರ, ಬೆಳಿಗ್ಗೆ ಏಳೂಕಾಲಿಗೆ.

ಅವತ್ತು ಕಲಿಯುತ್ತಿದ್ದವರು ಬೇಕರಿಯಮ್ಮ. ನಮ್ಮ ಮುಂದಿನ ಬೀದಿಯ ಬೇಕರಿ ಅವರದು. ಬೆಳಗಿನ ಜಾವ ಮೂರಕ್ಕೆ ಎದ್ದು ಬ್ರೆಡ್ಡು ಬೇಯಿಸಿ, ಏಳಕ್ಕೆ ಪಾಠಕ್ಕೆ ಬರುತ್ತಿದ್ದರು. ಅವರ ವ್ಯಾನಿನ ಡ್ರೈವರ್ ಕೆಲಸ ಬಿಟ್ಟು ಹೋಗಿದ್ದ. ಇನ್ನೊಬ್ಬನನ್ನು ಹುಡುಕುವ ಬದಲು ತಾವೇ ಕಲಿಯುವುದು ವಾಸಿ ಎಂದು ಬಂದವರು. ಅದು ಅವರ ಹನ್ನೊಂದನೇ ಪಾಠ. ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು. ಅವಳೂ ನಮ್ಮ ಸ್ಕೂಲಿನಲ್ಲೇ ಕಲಿಸುತ್ತಾಳೆ, ಅವತ್ತು ಲೈಸೆನ್ಸ್ ಆಫೀಸಿಗೆ ಕಾಗದಪತ್ರ ಕೊಡಲು ಹೊರಟಿದ್ದಳು. ತಿರುವಿನಲ್ಲಿ ಮುದುಕರೊಬ್ಬರು ಮೊಟ್ಟೆಯ ಟ್ರೇ ಹಿಡಿದು ರಸ್ತೆ ದಾಟುತ್ತಿದ್ದರು. ಬೇಕರಿಯಮ್ಮ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಇದು ದಿನಾ ಆಗುವ ತಪ್ಪು. ನಾಲ್ಕು ಸಾವಿರ ಜನರಲ್ಲಿ ಮೂರು ಸಾವಿರ ಜನ ಒಮ್ಮೆಯಾದರೂ ಮಾಡಿರುವ ತಪ್ಪು. ನನ್ನ ಕಣ್ಣು ನೋಡಿತು, ತಲೆಗೂ ತಿಳಿಯಿತು. ಕಾಲಿಗೆ ಮಾತ್ರ ಸುದ್ದಿ ತಡವಾಗಿ ಮುಟ್ಟಿತು.

ಕಾರು ನಿಂತಾಗ ಮುದುಕರು ರಸ್ತೆಯ ಮೇಲೆ ಕೂತಿದ್ದರು. ಅವರ ಮಂಡಿ ತರಚಿತ್ತು, ಮೂವತ್ತು ಮೊಟ್ಟೆ ಒಡೆದಿತ್ತು. ಒಂದು ಅಡಿ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಬೇಕರಿಯಮ್ಮ ಇಳಿದು ಓಡಿ ಅವರನ್ನು ಎಬ್ಬಿಸಿದರು. "ತಪ್ಪು ನಂದು, ತಪ್ಪು ನಂದು" ಎಂದು ಸೇರಿದವರಿಗೆಲ್ಲ ಹೇಳಿದರು. ಸೇರಿದವರು ನನ್ನ ಕಡೆ ನೋಡಿದರು.

ನಾನು, "ಕಲಿಯೋರಲ್ವಾ, ಆಗುತ್ತೆ," ಎಂದೆ.

ಅದು ಸುಳ್ಳಲ್ಲ. ಅದೇ ಅದರ ಅನುಕೂಲ. ಪೂರ್ತಿ ನಿಜ ಹೇಳಬೇಕಿದ್ದರೆ ಇನ್ನೂ ಒಂದೇ ಒಂದು ವಾಕ್ಯ ಬೇಕಿತ್ತು, ಅದನ್ನು ನುಂಗಿಕೊಂಡೆ.

ಸಂಜೆ ಮಗಳು ಆಫೀಸ್ ಕೋಣೆಗೆ ಬಂದು ಕೈ ಚಾಚಿದಳು.

"ಕೀ ಕೊಡಪ್ಪ."

"ಯಾಕೆ, ಎಲ್ಲಿಗಾದ್ರೂ ಹೋಗ್ಬೇಕಾ?"

"ನಾನಲ್ಲ. ನೀನು ಎಲ್ಲಿಗೂ ಹೋಗ್ಬಾರ್ದು."

"ಪೆಡಲ್ ತಪ್ಪಿ ಒತ್ತಿದ್ದು ಆಯಮ್ಮ."

"ಆಯಮ್ಮ ಒತ್ತೋದೇ ಹಾಗೆ. ಸರಿಯಾಗಿ ಒತ್ತೋಕೆ ಬಂದಿದ್ರೆ ನಮ್ಮ ಹತ್ರ ಯಾಕೆ ಬರ್ತಿದ್ರು? ನಾನು ಹಿಂದೆ ಕೂತು ನಿನ್ನ ಕಾಲು ನೋಡ್ದೆ."

ನಾನು ಕೀ ಕೊಟ್ಟೆ. ಗುರುವಿಗೇ ತಿರುಮಂತ್ರ. ಅವಳು ಸುಮ್ಮನೆ ಕಿತ್ತುಕೊಳ್ಳಲಿಲ್ಲ, ಷರತ್ತನ್ನೂ ಹೇಳಿದಳು. ದಿನಾ ಬೆಳಿಗ್ಗೆ ಆರೂವರೆಗೆ ಪೊಲೀಸರು ಕುಡಿದವರಿಗೆ ಊದಿಸುವಂಥ ಒಂದು ಯಂತ್ರಕ್ಕೆ ಊದಬೇಕು. ಸೊನ್ನೆ ಬರಬೇಕು. ಅರವತ್ತು ಬೆಳಿಗ್ಗೆ ಸಾಲಾಗಿ ಸೊನ್ನೆ ಬಂದರೆ ಕೀ ವಾಪಸ್ಸು. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಅಲ್ಲಿಯವರೆಗೆ ನಾನು ಥಿಯರಿ ಕ್ಲಾಸು ತೆಗೆದುಕೊಳ್ಳಬೇಕು.

ಥಿಯರಿ ಕ್ಲಾಸೆಂದರೆ ಆಫೀಸಿನ ಹಿಂದಿನ ಕೋಣೆ. ಎಂಟು ಕುರ್ಚಿ, ಗೋಡೆ ತುಂಬ ರಸ್ತೆ ಚಿಹ್ನೆಗಳು, ಅಯಸ್ಕಾಂತ ಅಂಟಿಸಿದ ಆಟಿಕೆ ಕಾರುಗಳನ್ನು ಅತ್ತಿತ್ತ ಸರಿಸುವ ಒಂದು ತಗಡಿನ ಬೋರ್ಡು. ಕಾರಿನಲ್ಲಿ ಬೈದರೆ ಜನ ಕಲಿಯುತ್ತಾರೆ, ಕೋಣೆಯಲ್ಲಿ ಬೈದರೆ ಆಕಳಿಸುತ್ತಾರೆ. ಮೂವತ್ತೊಂದು ವರ್ಷ ರಸ್ತೆಯಲ್ಲಿದ್ದವನು ತಗಡಿನ ಮೇಲೆ ಬೆರಳುದ್ದದ ಕಾರು ಓಡಿಸುತ್ತ ನಿಂತರೆ ಹೇಗಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಆ ಸೀಟು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಮೊದಲ ದಿನವೇ ಮುಂದಿನ ಕುರ್ಚಿಯಲ್ಲಿ ಬೇಕರಿಯಮ್ಮ ಕೂತಿದ್ದರು, ನೋಟ್‌ಬುಕ್ ಬಿಚ್ಚಿಕೊಂಡು. ಅವರ ಥಿಯರಿ ಎಂದೋ ಮುಗಿದಿತ್ತು. "ಕಾರು ಹತ್ತೋದು ಆಮೇಲೆ, ಇನ್ನೊಂದು ಸಲ ಪಾಠ ಕೇಳ್ತೀನಿ," ಎಂದು ಮಗಳಿಗೆ ಹೇಳಿದ್ದರಂತೆ. ಪಾಪ, ಹೆದರಿಕೊಂಡಿದ್ದಾರೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆಗಾಗ ಅವರು ಕೈ ಎತ್ತಿ, "ಮೇಷ್ಟ್ರೆ, ಕಲಿಯೋರ ಕಾಲು ತಪ್ಪಿದ್ರೆ ಏನು ಮಾಡ್ಬೇಕು?" ಎಂದು ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೋರ್ಡಿನ ಕಡೆ ತಿರುಗಿ ಏನೋ ಒಂದು ಉತ್ತರ ಹೇಳುತ್ತಿದ್ದೆ. ಅವರು ಅದನ್ನೂ ಬರೆದುಕೊಳ್ಳುತ್ತಿದ್ದರು.

ಇತ್ತ ಯಂತ್ರ ಸೊನ್ನೆ ತೋರಿಸುವ ಲಕ್ಷಣ ಕಾಣಲಿಲ್ಲ. ಇವತ್ತು ಎರಡೇ ಗ್ಲಾಸು ಎಂದು ಕೂರುತ್ತಿದ್ದೆ. ಎರಡು ಮುಗಿದ ಮೇಲೆ, ಎರಡು ಎಂದು ಹೇಳಿದವನು ಯಾರು ಅಂಥ ದೊಡ್ಡ ಮನುಷ್ಯ ಎನಿಸುತ್ತಿತ್ತು. ಮೂರನೇ ವಾರ ನನ್ನಾಕೆ ಆಸ್ಪತ್ರೆಗೆ ಹೊರಡಿಸಿದಳು. ಅವಳು ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ದಿನಕ್ಕೆ ಸಾವಿರ ಜನರ ಹತ್ತಿರ "ಎಲ್ಲಿಗೆ? ಎಷ್ಟು?" ಎಂದು ಕೇಳಿ ಕೇಳಿ ಮನೆಯಲ್ಲೂ ಅದಕ್ಕಿಂತ ಉದ್ದ ಮಾತಾಡುವುದಿಲ್ಲ.

ಡಾಕ್ಟರು ನನ್ನ ಹಳೇ ಶಿಷ್ಯೆ. ರಿವರ್ಸ್ ಹಾಕಲು ಬಾರದೆ ಎರಡು ಸಲ ಟೆಸ್ಟಿನಲ್ಲಿ ಫೇಲಾದವರು. ಅವರ ಎದುರು ಕೂತು ನಾಲಿಗೆ ಚಾಚುವ ಕಾಲ ಬಂತಲ್ಲ ಎಂದು ನನಗೆ ಸಂಕಟವಾಯಿತು.

"ಎಷ್ಟು ಕುಡೀತೀರಿ ಮೇಷ್ಟ್ರೆ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಮಿತಿಯಲ್ಲಿ."

"ಅರ್ಧ ಬಾಟ್ಲಿ ಮೇಲೆ," ಎಂದಳು ನನ್ನಾಕೆ. "ಶನಿವಾರ ಮುಕ್ಕಾಲು."

ಡಾಕ್ಟರು ಬರೆದುಕೊಂಡರು. ರಕ್ತ ತೆಗೆಸಿದರು, ಲಿವರ್ ಹೇಗಿದೆ ನೋಡಬೇಕೆಂದರು. ನೋವಿಗೆ ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದರು. ಒಂದೇ ಸಲಕ್ಕೆ ಪೂರ್ತಿ ನಿಲ್ಲಿಸಿ ಶೂರನಾಗಲು ಹೋಗಬೇಡಿ, ಕೈ ನಡುಕ ಗಿಡುಕ ಬಂದರೆ ತಕ್ಷಣ ಬನ್ನಿ ಎಂದರು. ಮುಂದಿನ ವಾರ ರಿಪೋರ್ಟ್ ನೋಡಿ ಮಾತ್ರೆ ಬರೆದುಕೊಟ್ಟರು.

"ಇದನ್ನ ಕುಡಿಯೋಕೆ ಒಂದು ಗಂಟೆ ಮುಂಚೆ ತಗೋಬೇಕು."

"ತಗೊಂಡು ಕುಡಿದ್ರೆ ವಾಂತಿಯಾಗುತ್ತಾ?"

"ಇಲ್ಲ. ಅದು ಬೇರೆ ಮಾತ್ರೆ. ಇದ್ರಲ್ಲಿ ಹಾಗೇನೂ ಆಗಲ್ಲ."

"ಏನೂ ಆಗಲ್ಲ ಅಂದ್ಮೇಲೆ ಯಾಕೆ ತಗೋಬೇಕು?"

"ಅದೇ ಮೇಷ್ಟ್ರೆ. ಕುಡಿದಾಗ ಒಳಗೆ ಒಂದು ಖುಷಿ ಆಗುತ್ತಲ್ಲ, ಅದೂ ಆಗಲ್ಲ. ಅಮಲು ಏರೋದು ಏರುತ್ತೆ, ಕಾಲು ತಡವರಿಸೋದು ತಡವರಿಸುತ್ತೆ. ಮಜಾ ಮಾತ್ರ ಇರಲ್ಲ. ಮಜಾ ಇಲ್ದಿದ್ರೆ ಇನ್ನೊಂದು ಬೇಕು ಅನ್ನೋ ಚಟ ಮೆಲ್ಲಗೆ ಸಡಿಲ ಆಗುತ್ತೆ. ಎಲ್ಲರಿಗೂ ಅಲ್ಲ, ಸುಮಾರು ಜನಕ್ಕೆ."

ಇಂಥ ಮಾತ್ರೆ ಕಂಡುಹಿಡಿದವನು ಮದುವೆ ಮನೆಗೆ ಹೋಗಿ ಊಟದಲ್ಲಿ ಉಪ್ಪು ಕದಿಯುವ ಜಾತಿಯವನಿರಬೇಕು ಎಂದುಕೊಂಡೆ.

ಮೊದಲ ಸಂಜೆ ಏಳಕ್ಕೆ ಮಾತ್ರೆ ನುಂಗಿ, ಎಂಟಾಗುವವರೆಗೆ ಗಡಿಯಾರ ನೋಡುತ್ತ ಕೂತೆ. ಗಾಳಿ ಬಂದ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲ ಮೇಷ್ಟ್ರೆ, ಹ್ಯಾಂಡ್ ಬ್ರೇಕ್ ಎಳ್ಕೊಂಡು ಆಕ್ಸಿಲರೇಟರ್ ಕೊಟ್ಟ ಹಾಗಾಯ್ತಲ್ಲ ಇದು!"

ಎಂಟಕ್ಕೆ ಮೊದಲ ಗ್ಲಾಸು. ರುಚಿ ಅದೇ ಇತ್ತು. ಗಂಟಲಲ್ಲಿ ಉರಿ ಅದೇ ಇತ್ತು. ಆದರೆ ದಿನಾ ಅದರ ಹಿಂದೆಯೇ ಬರುತ್ತಿದ್ದದ್ದು ಬರಲಿಲ್ಲ. ನಾನು ಸ್ವಲ್ಪ ಹೊತ್ತು ಕಾದೆ. ಇನ್ನೊಂದು ಕುಡಿದು ಕಾದೆ. ಕೌಂಟರಿನವನು ಎದ್ದುಹೋದ ಆಫೀಸಿನಲ್ಲಿ ಟೋಕನ್ ಹಿಡಿದು ಕೂತ ಹಾಗಿತ್ತು. ಗಾಳಿಯ ಮಾತು ಬೇರೆ ಮೊದಲ ಸಲ ಸರಿಯಾಗಿ ಕಿವಿಗೆ ಬಿತ್ತು. ಹತ್ತು ವರ್ಷದಿಂದ ಅವನು ಇದನ್ನೇ ಹೇಳುತ್ತಿದ್ದನೇ ಎಂದು ಗಾಬರಿಯಾಯಿತು. ಮೊದಲ ನಾಲ್ಕು ದಿನ ಹೊಟ್ಟೆ ತೊಳಸಿತು, ತಲೆ ಭಾರವಾಯಿತು. ಐದನೇ ದಿನಕ್ಕೆ ಅದು ಸರಿಹೋಯಿತು.

ಡಾಕ್ಟರು ಲೆಕ್ಕ ಇಡಲು ಹೇಳಿದ್ದರು. ನಾನು ನಮ್ಮ ಸ್ಕೂಲಿನ ಪಾಠದ ಕಾರ್ಡನ್ನೇ ತೆಗೆದುಕೊಂಡೆ. ಇಪ್ಪತ್ತಾರು ಮನೆ ಇರುವ ಹಳದಿ ಕಾರ್ಡು. ಕಲಿಯುವವರು ಬಂದ ದಿನ ಒಂದೊಂದು ಮನೆಗೆ ಸಹಿ ಬೀಳುತ್ತದೆ. ಮಾತ್ರೆ ನುಂಗಿದಾಗ ಒಂದು ಸಹಿ, ಅದರ ಕೆಳಗೆ ಎಷ್ಟು ಗ್ಲಾಸು ಎಂಬ ಅಂಕಿ. ನನ್ನಾಕೆ ಕಿಟಕಿಯ ಹಿಂದಿನ ದನಿಯಲ್ಲಿ "ಎಷ್ಟು?" ಎನ್ನುತ್ತಿದ್ದಳು, ನಾನು ಹೇಳುತ್ತಿದ್ದೆ. ಏಳು, ಏಳು, ಆರು, ಐದು. ಎರಡನೇ ವಾರ ನಾಲ್ಕು. ನಾಲ್ಕನೇ ವಾರಕ್ಕೆ ಮೂರಕ್ಕೆ ಬಂದು ನಿಂತಿತು. ನಾನು ಬಹಳ ಶಿಸ್ತಿನ ರೋಗಿಯೆಂದು ನನಗೇ ಅಭಿಮಾನ ಉಕ್ಕಿತು. ಕಾರ್ಡು ಹಿಡಿದುಕೊಂಡು, ಎದೆ ಉಬ್ಬಿಸಿ ಆಸ್ಪತ್ರೆಗೆ ಹೋದೆ.

ಡಾಕ್ಟರು ಕಾರ್ಡನ್ನು ಎರಡು ಸಲ ನೋಡಿದರು.

"ಕಮ್ಮಿ ಆಗಿದೆ. ತುಂಬಾ ಒಳ್ಳೇದು. ಆದ್ರೆ ಮೇಷ್ಟ್ರೆ, ಒಂದು ದಿನಾನೂ ಬಿಟ್ಟಿಲ್ವಲ್ಲ? ಒಂದು ದಿನಾನೂ ಬೇಡ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಸುಮಾರು ಹತ್ತು ದಿನ ಅನ್ನಿಸ್ತು."

"ಮತ್ತೆ?"

"ಅಷ್ಟೊತ್ತಿಗೆ ಮಾತ್ರೆ ತಗೊಂಡಾಗಿತ್ತು."

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ನಮ್ಮ ಸ್ಕೂಲಿನಲ್ಲಿ ಒಂದು ನಿಯಮವಿದೆ. ಕಾರ್ಡಿಗೆ ಸಹಿ ಬಿತ್ತೆಂದರೆ ಪಾಠ ಮುಗಿಸಲೇಬೇಕು. ಸಹಿ ಹಾಕಿಸಿಕೊಂಡ ಮೇಲೆ ಹೊಟ್ಟೆನೋವು, ನೆಂಟರು ಬಂದರು ಎಂದು ಎದ್ದುಹೋದರೆ ಆ ಪಾಠ ದಂಡ. ನಾನೇ ಮಾಡಿದ ನಿಯಮ, ಮೂವತ್ತೊಂದು ವರ್ಷದಲ್ಲಿ ಯಾರಿಗೂ ಸಡಿಲಿಸಿಲ್ಲ. ಏಳಕ್ಕೆ ಮಾತ್ರೆ ನುಂಗಿ ಸಹಿ ಹಾಕಿದ ಮೇಲೆ ಎಂಟಕ್ಕೆ ಕುಡಿಯದಿದ್ದರೆ ಮಾತ್ರೆ ದಂಡವಾಗುವುದಿಲ್ಲವೇ? ಹಾಗಾಗಿ ಬೇಡವೆನಿಸಿದ ದಿನವೂ ಮೂಗು ಹಿಡಿದುಕೊಂಡು ಕುಡಿದಿದ್ದೆ. ಒಂದು ಭಾನುವಾರ ಜ್ವರವಿತ್ತು. ಅವತ್ತೂ ಎರಡು.

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನಾಕೆ ಚಾವಣಿ ನೋಡಿದಳು.

"ಮೇಷ್ಟ್ರೆ, ನೀವು ನನಗೆ ದಿನಾ ಸೀಟ್ ಬೆಲ್ಟ್ ಹಾಕಿಸ್ತಿದ್ರಿ."

"ಹೌದು."

"ಬೆಲ್ಟ್ ಹಾಕ್ಕೊಂಡ ಮೇಲೆ ದಂಡ ಆಗಬಾರ್ದು ಅಂತ ಯಾವತ್ತಾದ್ರೂ ಕಂಬಕ್ಕೆ ಗುದ್ದಿಸಿದ್ರಾ?"

ನಾಲ್ಕು ಸಾವಿರ ಜನಕ್ಕೆ ಬುದ್ಧಿ ಹೇಳಿದವನಿಗೆ ರಿವರ್ಸ್ ಬಾರದವರು ಬುದ್ಧಿ ಹೇಳಿದರು. ಹೊರಗೆ ಬಂದ ಮೇಲೆ ನನ್ನಾಕೆ ಬಸ್‌ಸ್ಟಾಪಿನಲ್ಲಿ ನಿಂತು ನಗತೊಡಗಿದಳು. ಬಸ್ಸು ಬಂದು ಹೋದರೂ ನಗು ನಿಲ್ಲಲಿಲ್ಲ. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ ಏನೋ. ನನಗೆ ಅವಮಾನವಾಗಬೇಕಿತ್ತು, ಆದರೆ ಖುಷಿಯೇ ಆಯಿತು. ಮುಂದಿನ ಬಸ್ಸಿಗೆ ಹೋದೆವು.

ಅವತ್ತು ಸಂಜೆ ಮಾತ್ರೆ ತೆಗೆದುಕೊಂಡೆ, ಕುಡಿಯಲಿಲ್ಲ. ಎಂಟು ಗಂಟೆಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಂಜೆ ಎನ್ನುವುದು ಇಷ್ಟು ಉದ್ದವಿದೆ ಎಂದು ಯಾರೂ ಹೇಳಿರಲಿಲ್ಲ. ನಲ್ಲಿಯ ವಾಷರ್ ಬದಲಾಯಿಸಿದೆ, ಸೋರದ ನಲ್ಲಿಗೂ ಬದಲಾಯಿಸಿದೆ. ಎಂಟೂಮುಕ್ಕಾಲಿಗೆ ಅಡುಗೆಮನೆಯಲ್ಲಿ ನಿಂತು, ಕಾರಣ ಗೊತ್ತಿಲ್ಲದೆ ಅತ್ತೆ. ನನ್ನಾಕೆ ಬಂದು ನೋಡಿ, ಉಳಿದ ಒಂದು ವಾಷರನ್ನು ಡಬ್ಬಿಗೆ ಹಾಕಿದಳು.

ಆಮೇಲೆ ವಾರಕ್ಕೆ ಎರಡು ದಿನ ಸೊನ್ನೆ, ನಂತರ ನಾಲ್ಕು ದಿನ. ಕುಡಿದ ದಿನವೂ ಒಂದೋ ಎರಡೋ, ಅದೂ ಮಾತ್ರೆಯ ಮೇಲೆ. ಬೆಳಗಿನ ಯಂತ್ರಕ್ಕೆ ದಯೆ ಬಂತು. ಒಂದು ಸಲ ಹದಿನಾಲ್ಕರವರೆಗೆ ಹೋಗಿ ಬಿದ್ದೆ; ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಮತ್ತೆ ಒಂದು ಎಂದು ಬರೆದಳು. ಎರಡನೇ ಸಲ ಎಣಿಕೆ ಮುರಿಯಲಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು. ಥಿಯರಿ ಕ್ಲಾಸಿನಲ್ಲಿ ಮೂರನೇ ಬ್ಯಾಚು ನಡೆಯುತ್ತಿತ್ತು. ಮೂರಕ್ಕೂ ಬೇಕರಿಯಮ್ಮ ಮುಂದಿನ ಕುರ್ಚಿ ಬಿಟ್ಟಿರಲಿಲ್ಲ. ಅವರ ವ್ಯಾನು ಬೇಕರಿಯ ಮುಂದೆ ಧೂಳು ಹಿಡಿದು ನಿಂತಿತ್ತು. ಬ್ರೆಡ್ಡಿನ ಟ್ರೇಗಳನ್ನು ಅವರು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಅದು ಎದುರಾದರೆ ನಾನು ಇನ್ನೊಂದು ಬೀದಿ ಹಿಡಿಯುತ್ತಿದ್ದೆ. ಐದು ತಿಂಗಳಿಂದ ಆ ಹೆಂಗಸು ನನ್ನ ತಪ್ಪನ್ನು ಹೊತ್ತುಕೊಂಡು ಗಾಡಿ ತಳ್ಳುತ್ತಿದ್ದಾರೆ ಎಂದು ಗೊತ್ತಿತ್ತು. ಸೀಟು ವಾಪಸ್ಸು ಸಿಗಲಿ, ಚೆನ್ನಾಗಿ ಕಲಿಸಿಕೊಟ್ಟುಬಿಡೋಣ, ಲೆಕ್ಕ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಐವತ್ತೈದನೇ ದಿನ ಅವರು ಮಗಳ ಹತ್ತಿರ, "ಮೇಷ್ಟ್ರು ವಾಪಸ್ ಬರೋ ದಿನ ಮೊದಲ ಪಾಠ ನನಗೇ ಬರ್ಕೊಳ್ಳಿ," ಎಂದರಂತೆ.

ಐವತ್ತೊಂಬತ್ತನೇ ದಿನ ಬಂತು. ಸಂಜೆ ಐದಕ್ಕೇ ಗಾಳಿ ಅಂಗಡಿ ಮುಚ್ಚಿ, ಕಾಲು ಬಾಟಲಿ ಹಿಡಿದು ಬಂದ. ನಾಳೆ ಕೀ ಸಿಗುತ್ತದೆ, ಸಣ್ಣದಾಗಿ ಸಂಭ್ರಮ ಪಡೋಣ ಎಂದ. ಅವನ ತಪ್ಪಿಲ್ಲ, ಅವನು ಹೇಳಿದ್ದು ಸಣ್ಣದಾಗಿ. ನಾನು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಸಂಭ್ರಮಕ್ಕೆಂದು ಕೂತು, ಸಂಭ್ರಮವೇ ಆಗದ ಮಾತ್ರೆ ನುಂಗುವುದು ಯಾವ ಊರ ನ್ಯಾಯ? ಐವತ್ತೊಂಬತ್ತು ದಿನ ನೆಟ್ಟಗಿದ್ದವನಿಗೆ ಒಂದು ಸಂಜೆ ಬೇಡವೇ? ಮಾತ್ರೆಯನ್ನು ಅಂಗಿ ಜೇಬಿಗೆ ಹಾಕಿದೆ.

ಮೊದಲ ಗುಟುಕಿಗೇ ಬಂತು. ನಾಲ್ಕು ತಿಂಗಳಿಂದ ಕಾದದ್ದು, ಎಲ್ಲಿಗೂ ಹೋಗಿರಲಿಲ್ಲ, ಬಾಗಿಲ ಹಿಂದೆಯೇ ನಿಂತಿತ್ತು. ಎದೆ ಬೆಚ್ಚಗಾಯಿತು, ಕಿವಿಯ ಹಿಂದೆ ಏನೋ ಸಡಿಲವಾಯಿತು, ಗಾಳಿಯ ಮಾತು ಮತ್ತೆ ಚೆನ್ನಾಗಿ ಕೇಳತೊಡಗಿತು. ನಾನು ನಕ್ಕೆ, ಅವನ ತೊಡೆಯ ಮೇಲೆ ತಟ್ಟಿದೆ. ಎರಡನೆಯದು, ಮೂರನೆಯದು. ಬಾಟಲಿ ಖಾಲಿಯಾಯಿತು. ಗಾಳಿಯ ಗ್ಲಾಸಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ನಾನು ಯೋಚನೆ ಮಾಡಲಿಲ್ಲ. ನನ್ನ ಕೈ ತಾನಾಗಿ ಹೋಗಿ ಅವನ ಗ್ಲಾಸಿನ ಮೇಲೆ ಕೂತಿತು.

ಗಾಳಿ ನನ್ನ ಕೈ ನೋಡಿದ. ಮೆಲ್ಲಗೆ ಗ್ಲಾಸು ಬಿಡಿಸಿಕೊಂಡು, ಮೋರಿಗೆ ಚೆಲ್ಲಿ, "ಬರ್ತೀನಿ ಮೇಷ್ಟ್ರೆ," ಎಂದು ಎದ್ದುಹೋದ. ನಾನು ಚಪ್ಪಲಿ ಮೆಟ್ಟಿಕೊಂಡೆ. ಅಂಗಡಿ ಎರಡೇ ಬೀದಿಯಾಚೆ. ಗೇಟಿನಲ್ಲಿ ನನ್ನಾಕೆ ಡ್ಯೂಟಿ ಮುಗಿಸಿಕೊಂಡು ಬರುತ್ತಿದ್ದಳು.

"ಎಲ್ಲಿಗೆ?" ಎಂದಳು.

"ಎಲ್ಲಿಗೂ ಇಲ್ಲ," ಎಂದು ಒಳಗೆ ಬಂದೆ. ಅವಳು ಎರಡು ನಿಮಿಷ ತಡವಾಗಿ ಬಂದಿದ್ದರೆ ಹೋಗಿರುತ್ತಿದ್ದೆ. ಅವಳು ಅವತ್ತು "ಎಷ್ಟು?" ಎಂದು ಕೇಳಲಿಲ್ಲ. ಅದು ಕೇಳಿದ್ದಕ್ಕಿಂತ ಕಷ್ಟವಾಗಿತ್ತು.

ಬೆಳಿಗ್ಗೆ ಆರೂವರೆಗೆ ಊದಿದೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಸೊನ್ನೆ ಎಂದಿತು. ಸಂಜೆ ಆರೂವರೆಗೆ ಮುಗಿದ ಮೂರು ಗ್ಲಾಸು ಹನ್ನೆರಡು ಗಂಟೆಯಲ್ಲಿ ಇಳಿದುಹೋಗಿತ್ತು. ಯಂತ್ರದ್ದೇನೂ ತಪ್ಪಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

ಮಗಳು ಕ್ಯಾಲೆಂಡರಿನಲ್ಲಿ ಅರವತ್ತು ಎಂದು ದೊಡ್ಡದಾಗಿ ಬರೆದಳು. ಕೀಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಕಣ್ಣೊರೆಸಿಕೊಳ್ಳುವುದು ನನಗೆ ಕಾಣದಿರಲಿ ಎಂದು ಮುಖ ಆಚೆ ತಿರುಗಿಸಿಕೊಂಡಳು. "ಹೋಗಪ್ಪ, ಕಾಯ್ತಿದ್ದಾರೆ," ಎಂದಳು.

ಹೊರಗೆ ಎಲ್ ಬೋರ್ಡಿನ ಕಾರಿನಲ್ಲಿ ಬೇಕರಿಯಮ್ಮ ಕೂತಿದ್ದರು. ಬೆಲ್ಟು ಹಾಕಿದ್ದರು, ಕನ್ನಡಿ ಸರಿಮಾಡಿಕೊಂಡಿದ್ದರು. ನಾನು ಈ ಕಡೆಯ ಬಾಗಿಲು ತೆಗೆದೆ. ನನ್ನ ಸೀಟು. ಅದರ ಕೆಳಗೆ ನನ್ನ ಎರಡು ಪೆಡಲ್ಲು. ಒಂದು ಕಾಲು ಒಳಗಿಟ್ಟೆ. ರಸ್ತೆಯ ಆಚೆ ಶಾಲೆಗೆ ಹೋಗುವ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ನಿನ್ನೆ ಗಾಳಿಯ ಗ್ಲಾಸಿನ ಮೇಲೆ ಹೋಗಿ ಕೂತ ಕೈ ನನ್ನದೇ. ಅದನ್ನು ನಾನು ಕಳಿಸಿರಲಿಲ್ಲ. ಕಾಲೂ ನನ್ನದೇ.

ಕಾಲು ಹೊರಗೆ ತೆಗೆದೆ.

"ಇವತ್ತು ನಾನು ಬರಲ್ಲ," ಎಂದೆ.

ಮಗಳು ಮೆಟ್ಟಿಲಿಳಿದು ಬಂದಳು. "ಯಾಕಪ್ಪ?"

"ನಿನ್ನೆ ಮಾತ್ರೆ ತಗೊಳ್ದೆ ಕುಡಿದೆ. ಮರೆತು ಅಲ್ಲ, ಬೇಕಂತಲೇ."

"ಎಷ್ಟು?"

"ಮೂರು. ಬಾಟ್ಲಿ ಮುಗೀತು ಅಂತ ಮೂರು. ಇದ್ದಿದ್ರೆ ಇನ್ನೂ ಆಗ್ತಿತ್ತು. ತರೋಕೂ ಹೊರಟಿದ್ದೆ."

ಕೀ ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ನಾಳೆ ಆರೂವರೆಗೆ ಊದು," ಎಂದಳು.

"ಮೊದಲಿಂದಾನಾ?"

"ಮೊದಲಿಂದ. ಇವತ್ತೇ ಡಾಕ್ಟ್ರ ಹತ್ರಾನೂ ಹೋಗ್ಬೇಕು. ನಾನೂ ಬರ್ತೀನಿ."

ಬೇಕರಿಯಮ್ಮ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದರು. ಹೇಗೂ ಮಾನ ಬೀದಿಯಲ್ಲಿ ಬಿದ್ದಿತ್ತು. ನಾನು ಬಾಗಿ, ಕಿಟಕಿಯ ಚೌಕಟ್ಟು ಹಿಡಿದುಕೊಂಡೆ.

"ಅಮ್ಮಾ, ಇನ್ನೊಂದು ಮಾತಿದೆ. ಆ ಮೊಟ್ಟೆ ಒಡೆದ ದಿನ. ತಪ್ಪು ನಿಮ್ಮದಲ್ಲ. ಕಲಿಯೋರ ಕಾಲು ತಪ್ಪೇ ತಪ್ಪುತ್ತೆ, ಅದಕ್ಕೇ ಪಕ್ಕದಲ್ಲಿ ನಾನಿರೋದು. ತಡವಾಗಿದ್ದು ನನ್ನ ಕಾಲು. ಹಿಂದಿನ ದಿನ ಕುಡಿದಿದ್ದು ಇನ್ನೂ ಇಳಿದಿರ್ಲಿಲ್ಲ. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಗೊತ್ತು," ಎಂದರು ಬೇಕರಿಯಮ್ಮ.

ನಾನು ಮಗಳ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು, ತಾನು ಹೇಳಿಲ್ಲ ಎಂದು.

"ಯಾರೂ ಹೇಳ್ಲಿಲ್ಲ ಮೇಷ್ಟ್ರೆ. ದಿನಾ ಮೂರು ಗಂಟೆಗೆದ್ದು ಹಿಟ್ಟು ಹುಳಿ ಬಂತಾ ಅಂತ ಮೂಸಿ ನೋಡೋಳು ನಾನು. ಒಂದು ಮೊಳ ದೂರದಲ್ಲಿ ಕೂತೋರ ವಾಸನೆ ಗೊತ್ತಾಗಲ್ವಾ?"

"ಮತ್ತೆ ಎಲ್ಲರ ಮುಂದೆ 'ತಪ್ಪು ನಂದು' ಅಂತ ಯಾಕಂದ್ರಿ?"

"ಕಾಲು ತಪ್ಪಿದ್ದು ನಂದೇ ತಾನೇ. ನನ್ನ ಪಾಲು ನಾನು ಹೇಳ್ದೆ. ನಿಮ್ಮ ಪಾಲು ನೀವು ಹೇಳ್ತೀರ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಮೂರು ಬ್ಯಾಚು ಕೂತೆ. ಇವತ್ತೂ ಹೇಳ್ದಿದ್ರೆ ಕಾರಿಂದ ಇಳಿದು ಹೋಗ್ಬಿಡ್ತಿದ್ದೆ. ಹೇಳದೇ ಇರೋರ ಪಕ್ಕ ಹೇಗೆ ಕೂತು ಓಡಿಸ್ಲಿ?"

ಹೆದರಿ ಕಾರು ಹತ್ತುತ್ತಿಲ್ಲ ಎಂದು ನಾವೆಲ್ಲ ಅಯ್ಯೋ ಪಾಪ ಎಂದಿದ್ದ ಹೆಂಗಸು, ಐದು ತಿಂಗಳು ಕೈಗಾಡಿ ತಳ್ಳಿ ನನಗೆ ಗಡುವು ಕೊಟ್ಟಿದ್ದರು. ಮುಂದಿನ ಕುರ್ಚಿಯಲ್ಲಿ ಕೂತು, ದಿನಾ, ನೋಟ್‌ಬುಕ್ ಬಿಚ್ಚಿಕೊಂಡು.

"ಬಾಮ್ಮ, ನೀನು ಕೂತ್ಕೋ," ಎಂದು ಅವರು ಮಗಳನ್ನು ಕರೆದರು. "ಬ್ರೆಡ್ಡು ಕಾಯ್ತಾ ಇದೆ." ಆಮೇಲೆ ನನ್ನ ಕಡೆ ತಿರುಗಿ, "ಅರವತ್ತು ದಿನ ಆದ್ಮೇಲೆ ನಿಮ್ಮ ಪಾಠ ಬರ್ಕೊಳ್ತೀನಿ. ಅಷ್ಟರಲ್ಲಿ ಲೈಸೆನ್ಸ್ ಬಂದಿದ್ರೂ ಬರ್ತೀನಿ," ಎಂದರು.

ಮಗಳು ನನ್ನ ಸೀಟಿನಲ್ಲಿ ಕೂತಳು. ಎರಡನೇ ಬ್ರೇಕಿನ ಮೇಲೆ ಅವಳ ಕಾಲಿತ್ತು. ಕಾರು ಎಳೆದಾಡದೆ ಹೊರಟಿತು, ಗೇಟಿನಲ್ಲಿ ನಿಂತು ಶಾಲೆಯ ಮಕ್ಕಳೆಲ್ಲ ದಾಟುವವರೆಗೆ ಕಾಯಿತು. ನನಗೆ ನಾಚಿಕೆಯಿಂದ ಮೈ ಬಿಸಿಯಾಗಿತ್ತು. ಉಸಿರು ಮಾತ್ರ ಐದು ತಿಂಗಳಲ್ಲಿ ಮೊದಲ ಸಲ ಸಲೀಸಾಗಿ ಆಡುತ್ತಿತ್ತು. ಒಳಗೆ ಹೋಗಿ ಕ್ಯಾಲೆಂಡರಿನ ಅರವತ್ತನ್ನು ನಾನೇ ಹೊಡೆದುಹಾಕಿದೆ.